‘ಕೂಲಿ’: ಒಂದು ಇಂಗ್ಲಿಷ್ ಶಬ್ದದ ಮೂಲವಿಚಾರ

ಇಂಗ್ಲಿಷಿನ ದಿನಬಳಕೆಯ ಶಬ್ದಭಂಡಾರದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ ಹಡಗು ಹತ್ತಿಹೋದ ಶಬ್ದಗಳು ಹಲವು ಇವೆಯೆಂಬುದು ಭಾಷಾಭ್ಯಾಸಿಗಳಿಗೆ ತಿಳಿದ ಸಂಗತಿ. ಅಡಿಕೆಗೆ ಅವರು ಹೇಳುವ ‘ಅರೀಕ’, ತೇಗಕ್ಕೆ ಹೇಳುವ ‘ಟೀಕ್’ ಎಂಬ ಶಬ್ದಗಳು ಮಲೆಯಾಳದ ಅಡಕ್ಕ, ತೇಕ್ಕು ಎಂಬವುಗಳಿಂದ ಪೋರ್ಚುಗೀಸರ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷನ್ನು ಸೇರಿದವು. ಗೋಣಿ ಅಲ್ಲಿ ‘ಗನ್ನಿ’ಯಾಯಿತು, ನಾವು ಮುಂಗುಸಿಯೆಂದೂ ಮರಾಠಿಗರು ಮುಂಗೂಸ ಎಂದೂ ಕರೆಯುವ ಪ್ರಾಣಿ ‘ಮಂಗೂಸ್’ ಆಯಿತು. ಬಿದಿರಿನ ಹೆಸರಾದ ‘ಬ್ಯಾಂಬೂ’ವಿನ ವಿಷಯದಲ್ಲಿ ತಕರಾರು ಇನ್ನೂ ತೀರಿಲ್ಲ. ಅದು ಮಲಾಯಿ ಭಾಷೆಯದೆಂದು ಕೆಲವರು, ಕನ್ನಡದ್ದೆಂದು ಕೆಲವರು ವಾದಿಸಿದ್ದಾರೆ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರ ತನ್ನ ಗ್ರಂಥದಲ್ಲಿ ‘ಮಂಬು’ ಎಂಬ ರೂಪವನ್ನು ದಾಖಲಿಸಿರುವುದು ಎರಡು ಪಕ್ಷದವರಿಗೂ ಆಧಾರವಾಗಿದೆ.

ಇವೆಲ್ಲ ನಿರಪಾಯಕರವಾದ ಶಬ್ದಗಳು. ತೇಗದ ಹೆಸರು ಮಲೆಯಾಳದಿಂದ ಹೋಯಿತೆಂದರೂ ಕನ್ನಡದಿಂದ ಹೋಯಿತೆಂದರೂ ಯಾರಿಗೂ ನಷ್ಟವಿಲ್ಲ. ಆದರೆ ಇದೇ ದಾರಿಯಲ್ಲಿ ಹೋದ ಇನ್ನೊಂದು ಶಬ್ದವಿದೆ. ಅದರ ಮೂಲವನ್ನು ಹೇಗೆ ಹೇಳುತ್ತೇವೆ ಎಂಬುದರ ಮೇಲೆ ಒಂದು ಸಮುದಾಯದ ಮಾನವೂ ಒಂದು ವರ್ಗದ ಜನರ ಶ್ರಮದ ಅರ್ಥವೂ ನಿಂತಿವೆ. ಅದು ‘ಕೂಲಿ’. ಪ್ರಸ್ತುತ ಲೇಖನದಲ್ಲಿ ಈ ಒಂದೇ ಶಬ್ದವನ್ನು ಕುರಿತು ವಿಚಾರಿಸಲು ಯತ್ನಿಸಿದ್ದೇವೆ.

ಈ ವಿಚಾರಕ್ಕೆ ಠಾಣೆಯ ಮಾಜಿವಾಡಾ ಪರಿಸರವನ್ನು ನಾವು ನೆಲೆಯಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ಮುಂಬಯಿಯಿಂದ ಬರುವ ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿ, ಘೋಡ್‌ಬಂದರ್ ರಸ್ತೆ ಮತ್ತು ನಾಶಿಕಕ್ಕೆ ಹೋಗುವ ಹೆದ್ದಾರಿಗಳು ಕೂಡುವ ಈ ಸ್ಥಳ ಹಿಂದೆ ಠಾಣೆಯ ಹೊರಗಿನ ಹಳ್ಳಿಯಾಗಿದ್ದು, ಈಗ ನಗರದೊಳಗೆ ಸೇರಿಹೋಗಿದೆ. ಅಲ್ಲಿಂದ ಅನತಿದೂರದ ಖಾರಿಯ ದಂಡೆಯಲ್ಲಿ ಚೇಂದಣಿ ಕೋಳೀವಾಡಾದಂತಹ, ಮೀನುಗಾರ ಕೋಳೀ ಜನಾಂಗದ ಹಳೆಯ ವಸತಿಗಳಿವೆ. ಇನ್ನೊಂದು ಕಡೆ, ಈ ಭಾಗದ ಕಟ್ಟಡ ಮತ್ತು ರಸ್ತೆ ಕಾಮಗಾರಿಗಳಿಗೆ ಕಲಬುರಗಿ, ವಿಜಯಪುರ, ಬೀದರ, ಯಾದಗಿರಿ ಕಡೆಗಳಿಂದ ದುಡಿಯಲು ಬಂದ ಕನ್ನಡಿಗರಿದ್ದಾರೆ. ಅವರ ಬಾಯಲ್ಲಿ ‘ಕೂಲಿ’ ದಿನಕ್ಕೆ ಹತ್ತು ಸಲ ಬರುವ ಮಾತು. ಇಂಗ್ಲಿಷ್ ‘ಕೂಲಿ’ಗೆ ವಿದ್ವಾಂಸರು ಹೇಳುವ ಎರಡು ಮೂಲಗಳಲ್ಲಿ ಒಂದು ಆ ಮೀನುಗಾರರ ಹೆಸರು, ಇನ್ನೊಂದು ಈ ದುಡಿಮೆಗಾರರ ಮಾತು. ಅವೆರಡೂ ಕೂಗಳತೆಯೊಳಗೆ ಕೇಳಿಬರುವ ಸ್ಥಳ ಇದಕ್ಕಿಂತ ಬೇರೆ ಸುಲಭವಾಗಿ ಸಿಗದು.

ಮೊದಲು ಆಧಾರಗ್ರಂಥವನ್ನು ನೋಡಬೇಕು. ಭಾರತೀಯ ಮೂಲದ ಇಂಗ್ಲಿಷ್ ಶಬ್ದಗಳನ್ನು ಕುರಿತು ಇಂದಿಗೂ ಎಲ್ಲರೂ ತೆರೆದು ನೋಡುವ ಗ್ರಂಥವೆಂದರೆ ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’. ಅದು 1886ರಲ್ಲಿ ಪ್ರಕಟವಾಯಿತು. ವಿಲಿಯಂ ಕ್ರೂಕ್ ಅವರು ಪರಿಷ್ಕರಿಸಿದ ಎರಡನೆಯ ಆವೃತ್ತಿ 1903ರಲ್ಲಿ ಬಂದಿತು. ಗ್ರಂಥದ ವಿಚಿತ್ರವಾದ ಹೆಸರು ಮೊಹರಮ್ಮಿನಲ್ಲಿ ಹಸನ್-ಹುಸೇನರನ್ನು ಕುರಿತು ಮಾಡುವ ಶೋಕದ ಕೂಗನ್ನು ಆಂಗ್ಲ ಸೈನಿಕರು ತಿರುಚಿ ಆಡಿದ ರೂಪ. ಬರ್ನೆಲ್ ಅವರು ಗ್ರಂಥ ಮುಗಿಯುವ ಮುನ್ನವೇ, 1882ರಲ್ಲಿ, ತೀರಿಕೊಂಡರು. ಅವರು ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವರು, ಮುಂದೆ ತಂಜಾವೂರಿನಲ್ಲೂ ಕೆಲಸ ಮಾಡಿದವರು. ಅಂದರೆ ದ್ರಾವಿಡ ‘ಕೂಲಿ’ ಅವರ ಕಿವಿಗೆ ಬೀಳದೆ ಇದ್ದಿರಲಾರದು.

ಹೀಗಿದ್ದೂ ಆ ಗ್ರಂಥದ ತೀರ್ಪು ಇನ್ನೊಂದು ಕಡೆಗೆ ವಾಲಿದೆ. ಇಂಗ್ಲಿಷಿನ ‘ಕೂಲಿ’ಯು ಮೂಲತಃ ಪಶ್ಚಿಮ ಭಾರತದ ಕೋಳೀ ಎಂಬ ಜನಾಂಗದ ಹೆಸರು, ಈ ಜನ ಬಹುಕಾಲದಿಂದ ಹೊರೆ ಹೊರುವಂಥ ಕೆಲಸಗಳನ್ನು ಮಾಡುತ್ತಿದ್ದುದರಿಂದ ಅವರ ಹೆಸರೇ ಆ ಕೆಲಸದವರೆಲ್ಲರ ಹೆಸರಾಯಿತು ಎಂಬುದು ಅಲ್ಲಿನ ಪ್ರತಿಪಾದನೆ. ಯುರೋಪಿನಲ್ಲಿ ಸೆರೆಸಿಕ್ಕ ಸ್ಲಾವ್ ಜನರ ಹೆಸರೇ ಗುಲಾಮ ಎಂಬರ್ಥದ ‘ಸ್ಲೇವ್’ ಆದುದನ್ನು ಉಪಮಾನವಾಗಿ ಕೊಟ್ಟಿದ್ದಾರೆ. ಜೊತೆಗೆ ಕೋಳೀ ಜನರ ನಡತೆ, ಶುಚಿತ್ವಗಳನ್ನು ಕುರಿತು ಇಂದು ಯಾವ ನಿಘಂಟಿನಲ್ಲೂ ಇರಕೂಡದಂತಹ ಕಟುನುಡಿಗಳೂ ಇವೆ. ತಮಿಳು ಮತ್ತು ಕನ್ನಡಗಳಲ್ಲಿ ‘ಕೂಲಿ’ ಎಂದರೆ ವೇತನ ಎಂಬ ಸಂಗತಿಯನ್ನು ಅವರು ಮರೆಮಾಚಿಲ್ಲ. ಆದರೆ ಅದನ್ನು ವಿಷಯವನ್ನು ತೊಡಕಾಗಿಸುವ ಒಂದು ಅಂಶವೆಂಬಂತೆ ಆಮೇಲೆ ಹೇಳಿದ್ದಾರೆ. ಎಚ್. ಎಚ್. ವಿಲ್ಸನ್ ಅವರು 1855ರ ತಮ್ಮ ಕಂದಾಯ ಮತ್ತು ನ್ಯಾಯಾಡಳಿತದ ಪದಕೋಶದಲ್ಲಿ ದ್ರಾವಿಡ ಶಬ್ದವನ್ನೇ ನಿಜವಾದ ಮೂಲವೆಂದು ಹೇಳಿದ್ದರು. ಮದರಾಸಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಗುಸ್ತಾವ್ ಒಪ್ಪರ್ಟ್ ಅವರೂ ಕೋಳೀ ಸಂಬಂಧವನ್ನು ನಿರಾಕರಿಸಿ, ಶಬ್ದವು ಪೂರ್ವ ಕರಾವಳಿಯ ಇಂಗ್ಲಿಷ್ ಕೋಠಿಗಳಲ್ಲಿ ಹುಟ್ಟಿತೆಂದರು. ಇವರಿಬ್ಬರ ಮಾತಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಲಿಲ್ಲ. ಇಂದಿಗೂ ಕೆಲವು ಇಂಗ್ಲಿಷ್ ನಿಘಂಟುಗಳು ಜನಾಂಗದ ಹೆಸರನ್ನೇ ಮುಂದಿಟ್ಟು, ವೇತನಾರ್ಥದ ಶಬ್ದವನ್ನು ‘ಪ್ರಾಯಶಃ’ ಎಂಬ ಮಾತಿನೊಡನೆ ಹಿಂದಿಡುತ್ತವೆ.

ಹೀಗಾಗಿ ಪ್ರಶ್ನೆಯನ್ನು ಎರಡು ಭಾಗವಾಗಿ ಕೇಳಬೇಕಾಗುತ್ತದೆ. ಕೋಳೀ ಜನ ನಿಜಕ್ಕೂ ಹೊರೆಯಾಳುಗಳ ಜನಾಂಗವಾಗಿದ್ದರೇ? ‘ಕೋಳೀ’ ಎಂಬ ಧ್ವನಿ ‘ಕೂಲಿ’ ಎಂದಾಗಲು ಸಾಧ್ಯವೇ?

ಮೊದಲನೆಯದಕ್ಕೆ ಠಾಣೆಯ ಇತಿಹಾಸವೇ ಉತ್ತರ ಕೊಡುತ್ತದೆ. 16ನೆಯ ಶತಮಾನದ ನಡುಭಾಗದಲ್ಲಿ ಪೋರ್ಚುಗೀಸ್ ಹಣಕಾಸಿನ ಅಧಿಕಾರಿ ಸಿಮಾಂವ್ ಬೊತೆಲ್ಯೊ ಸಿದ್ಧಪಡಿಸಿದ ಕಂದಾಯ ದಫ್ತರದಲ್ಲಿ ಈ ಜನರ ಉಲ್ಲೇಖವಿದೆ. ಅಲ್ಲಿ ಅವರು ಕಾಣಿಸಿಕೊಳ್ಳುವುದು ಹೊರೆಯಾಳುಗಳಾಗಿ ಅಲ್ಲ. ಮುಂಬಯಿಯ ಹೊಳೆ-ಕಡಲುಗಳಲ್ಲಿ ಗೂಟ ನೆಟ್ಟು ಮೀನು ಹಿಡಿದು, ಅದಕ್ಕಾಗಿ ಸರಕಾರಕ್ಕೆ ತೆರಿಗೆ ಕಟ್ಟುವವರಾಗಿ. ತಮ್ಮದೇ ಬಲೆ, ತಮ್ಮದೇ ದೋಣಿ, ತಮ್ಮದೇ ನೀರಿನ ಪಾಲು ಇದ್ದವರನ್ನು ಪರರ ಹೊರೆ ಹೊರುವವರೆಂದು ಹೇಗೆ ಕರೆಯುವುದು? ಠಾಣೆಯು 1737ರಲ್ಲಿ ಮರಾಠರ ವಶವಾಗುವ ತನಕ ಪೋರ್ಚುಗೀಸರ ಆಡಳಿತದಲ್ಲಿತ್ತು. ಆ ಕಾಲದ ಪೋರ್ಚುಗೀಸ್ ಬರಹಗಳಲ್ಲಿ ಕೋಳೀ ಹೆಸರು ಬಂದಾಗಲೆಲ್ಲ ಅದು ಒಂದು ಜನಾಂಗದ ಹೆಸರಾಗಿಯೇ ಬರುತ್ತದೆ. ಕೆಲವೆಡೆ ಅವರು ಮೀನುಗಾರರು, ಕೆಲವೆಡೆ ಗುಡ್ಡಗಾಡಿನ ದಾಳಿಕೋರರು, ದಮಣದ ಕಡೆ ಹಳ್ಳಿಗಳ ಒಕ್ಕಲುಗಳು.

1882ರ ಠಾಣೆ ಜಿಲ್ಲಾ ಗೆಝೆಟಿಯರ್ ಕೋಳೀ ಜನರಲ್ಲಿ ಹಲವು ಪಂಗಡಗಳನ್ನು ಗುರುತಿಸುತ್ತದೆ. ಕಡಲಿನ ಸೋನ ಕೋಳೀ, ಸಹ್ಯಾದ್ರಿಯ ಮಹಾದೇವ ಕೋಳೀ, ಬಯಲಿನ ಮಲ್ಹಾರಿ ಕೋಳೀ ಇವು ಮುಖ್ಯವಾದವು. ಇವರಲ್ಲಿ ಮಲ್ಹಾರಿ ಕೋಳೀಗಳಿಗೆ ಮಾತ್ರ ಊರಿಗೆ ನೀರು ತುಂಬುವ ಕೆಲಸದಿಂದಾಗಿ ‘ಪಾನಭರಿ’ ಎಂಬ ಹೆಸರಿತ್ತು. ತಲೆಯ ಮೇಲೆ ಸಿಂಬಿಯಿಟ್ಟು ಕೊಡ ಹೊರುವ ಈ ಪಂಗಡದವರನ್ನು ಕಂಡು ಯೂಲ್-ಬರ್ನೆಲ್ ಅವರು ಇಡೀ ಜನಾಂಗದ ಮೇಲೆ ಹೊರೆಯನ್ನು ಏರಿಸಿರುವಂತೆ ತೋರುತ್ತದೆ. ಮಹಾದೇವ ಕೋಳೀಗಳ ಮಾತೇ ಬೇರೆ. ಅಂದಿನ ಠಾಣೆ ಜಿಲ್ಲೆಯ ಎಲ್ಲೆಯಲ್ಲಿದ್ದು ಈಗ ಪಾಲಘರ ಜಿಲ್ಲೆಗೆ ಸೇರಿರುವ ಜವ್ಹಾರ ಸಂಸ್ಥಾನವನ್ನು 14ನೆಯ ಶತಮಾನದಿಂದ ಸ್ವಾತಂತ್ರ್ಯಾನಂತರದ ವಿಲೀನದವರೆಗೆ ಆಳಿದ ಮುಕಣೆ ಅರಸರು ಇದೇ ಜನಾಂಗದವರು. ಕಂಪನಿ ಸರಕಾರದ ವಿರುದ್ಧ ಬಂಡೆದ್ದ ರಾಘೋಜಿ ಭಾಂಗ್ರೆ ಇದೇ ಜನಾಂಗದವನು. 1848ರ ಮೇ 2ರಂದು ಅವನನ್ನು ಗಲ್ಲಿಗೇರಿಸಿದ್ದು ಠಾಣೆಯ ಸೆರೆಮನೆಯಲ್ಲಿ. ಆಡಳಿತಗಾರರ ಕಣ್ಣಿಗೆ ಇವರು ದರೋಡೆಕೋರರಾಗಿ ಕಂಡಿರಬಹುದು. ಆದರೆ ದರೋಡೆಯ ಆಪಾದನೆ ಬೇರೆ, ಹೊರೆಯ ವೃತ್ತಿ ಬೇರೆ. ಒಂದೇ ಜನರ ಮೇಲೆ ಎರಡನ್ನೂ ಒಟ್ಟಿಗೆ ಹೊರಿಸುವುದು ತರ್ಕಕ್ಕೆ ಒಗ್ಗದು.

ಎರಡನೆಯ ಪ್ರಶ್ನೆ ಧ್ವನಿಯದು. ಮರಾಠಿಯಲ್ಲಿ ಈ ಜನಾಂಗದ ಹೆಸರಿನಲ್ಲಿರುವುದು ಓಕಾರ ಮತ್ತು ಮೂರ್ಧನ್ಯ ಳಕಾರ. ನಾವು ಇಲ್ಲಿ ‘ಕೋಳೀ’ ಎಂದು ದೀರ್ಘಾಂತವಾಗಿ ಬರೆಯುತ್ತಿರುವುದು ಮರಾಠಿಯ ಬರವಣಿಗೆಯನ್ನು ಅನುಸರಿಸಿ. ಹಾಗೂ ಕನ್ನಡದ ಕೋಳಿಯೊಡನೆ ಗಲಿಬಿಲಿಯಾಗಬಾರದೆಂದು. (ಕೋಳೀವಾಡಾ ಎಂಬ ಹಲಗೆಯನ್ನು ಹೊಸದಾಗಿ ಬಂದ ಕನ್ನಡಿಗರು ಕೋಳಿಮಾಂಸದ ಪೇಟೆಯೆಂದು ತಿಳಿಯುವುದು ಠಾಣೆಯ ಕನ್ನಡ ಮನೆಗಳಲ್ಲಿ ಹಳೆಯ ನಗೆಮಾತು. ಮರಾಠಿಯಲ್ಲೇ ಆ ಶಬ್ದಕ್ಕೆ ಜೇಡ ಎಂಬ ಇನ್ನೊಂದು ಅರ್ಥವೂ ಇದೆ.) ಕಲಬುರಗಿ ಕಡೆಯ ಕನ್ನಡದಲ್ಲಿ ಇದೇ ಹೆಸರು ‘ಕೋಲಿ’ ಎಂದು ಲಕಾರದಿಂದ ಬಳಕೆಯಲ್ಲಿದೆ, ಅಲ್ಲಿ ಕೋಲಿ-ಕಬ್ಬಲಿಗರೆಂದು ಜೋಡಿಸಿ ಹೇಳುವುದುಂಟು. ಅಲ್ಲಿಂದ ದುಡಿಯಲು ಬಂದವನೊಬ್ಬನು ಜಾತಿಯಿಂದ ಕೋಲಿಯಾಗಿದ್ದು, ಮಾಜಿವಾಡಾದಲ್ಲಿ ಕೂಲಿಗೆ ಹೋಗುವವನಾಗಿರುವುದೂ ಸಾಧ್ಯ. ಅವನ ಬಾಯಲ್ಲಿ ಈ ಎರಡು ಶಬ್ದಗಳು ಎಂದೂ ಒಂದಾಗುವುದಿಲ್ಲ. ಓಕಾರ ಊಕಾರಗಳ ಭೇದ ದ್ರಾವಿಡ ಭಾಷೆಯವನ ಕಿವಿಗೆ ಅಷ್ಟು ದೊಡ್ಡದು. ಅದನ್ನು ಕಳೆದುಕೊಂಡದ್ದು ಪರದೇಶಿಯ ಕಿವಿ.

ಈಗ ದ್ರಾವಿಡ ‘ಕೂಲಿ’ಯ ಕಡೆಗೆ ಬರೋಣ. ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿ ಈ ಶಬ್ದಕ್ಕೆ ದಿನದ ವೇತನ ಎಂಬರ್ಥವಿದೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ನಿಘಂಟು ತಮಿಳು, ಮಲೆಯಾಳ, ಕನ್ನಡ, ಕೊಡವ, ತುಳು, ತೆಲುಗುಗಳ ಜ್ಞಾತಿರೂಪಗಳನ್ನು ಒಂದೆಡೆ ಕೊಟ್ಟಿದೆ. ಎಲ್ಲೆಡೆಯೂ ಅರ್ಥ ವೇತನ ಅಥವಾ ಬಾಡಿಗೆಯದೇ. ಸಿಂಹಳಕ್ಕೆ ಹೋದ ‘ಕುಲಿ’ಯೂ ಮನೆಬಾಡಿಗೆಯ ಅರ್ಥದಲ್ಲಿದೆ. ತಿರುಕ್ಕುರಳಿನ 619ನೆಯ ಕುರಳಿನಲ್ಲಿ ಈ ಶಬ್ದ ಬಂದಿದೆ. ದೈವ ಕೈಬಿಟ್ಟರೂ ಮೈಮುರಿದು ದುಡಿದ ಪ್ರಯತ್ನಕ್ಕೆ ಅದರ ‘ಕೂಲಿ’ ಸಿಕ್ಕೇ ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ಪೋರ್ಚುಗೀಸರ ಹಡಗುಗಳು ಬರುವುದಕ್ಕೆ ಅನೇಕ ಶತಮಾನಗಳ ಹಿಂದೆಯೇ ಶಬ್ದಕ್ಕೆ ಇಂತಹ ಗೌರವದ ಸ್ಥಾನವಿತ್ತು ಎಂಬುದು ಗಮನಾರ್ಹ. ಅಲ್ಲಿ ಕೂಲಿ ಒಬ್ಬ ವ್ಯಕ್ತಿಯಲ್ಲ. ವ್ಯಕ್ತಿಗೆ ನ್ಯಾಯವಾಗಿ ಸಲ್ಲತಕ್ಕದ್ದು.

ಕೆಲವರು ‘ಕೂಲಿ’ಯನ್ನು ‘ಕೂಳು’ ಶಬ್ದದಿಂದ ಬಿಡಿಸಿ, ಅನ್ನಕ್ಕಾಗಿ ದುಡಿಯುವುದೇ ಕೂಲಿ ಎಂದು ಹೇಳುವುದನ್ನು ನಾವು ಕೇಳಿದ್ದೇವೆ. ಕಿವಿಗೆ ಇಂಪಾಗಿದೆ, ನಿಲ್ಲತಕ್ಕದ್ದಲ್ಲ. ಕೂಳಿನ ಹಳಗನ್ನಡ ರೂಪದಲ್ಲಿರುವುದು ಱಕಾರದಂತೆಯೇ ನಾವು ಕೈಬಿಟ್ಟ ೞಕಾರ. ತಮಿಳಿನಲ್ಲಿಯೂ ಅದು ಹಾಗೆಯೇ ಉಳಿದಿದೆ. ಕೂಲಿಯಲ್ಲಿರುವುದು ಶುದ್ಧ ಲಕಾರ. ಇವೆರಡೂ ಬೇರೆ ಬೇರೆ ಧಾತುಗಳು.

ಕನ್ನಡದಲ್ಲಿ ಈ ಶಬ್ದದ ವ್ಯಾಪ್ತಿ ದೊಡ್ಡದು. ದಿನಕ್ಕೆ ದುಡಿದರೆ ದಿನಗೂಲಿ. ಹಳ್ಳಿಯ ಹಳೆಯ ಶಾಲೆಗಳಿಗೆ ‘ಕೂಲಿಮಠ’ ಎಂಬ ಹೆಸರಿತ್ತು. ಮಕ್ಕಳನ್ನು ಕಳಿಸಿದ ಮನೆಯವರು ಅಯ್ಯನವರಿಗೆ ಕಾಳನ್ನೋ ಕಾಸನ್ನೋ ಕೂಲಿಯಾಗಿ ಕೊಡುತ್ತಿದ್ದುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಅಕ್ಷರ ಕಲಿಸುವ ಗುರುವಿಗೆ ಕೊಡುವುದೂ ಕೂಲಿಯೇ ಆಗಿದ್ದ ಭಾಷೆಯಲ್ಲಿ ಶಬ್ದಕ್ಕೆ ಹೀನಾರ್ಥವಿರುವುದು ಸಾಧ್ಯವಿರಲಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ, ಕೂಲಿಗೆ ಎದುರಾಗಿ ನಿಂತ ಶಬ್ದ ‘ಬಿಟ್ಟಿ’. ಸಂಸ್ಕೃತದ ‘ವಿಷ್ಟಿ’ಯ ತದ್ಭವವಾದ ಅದು, ಅರಸನೋ ಊರೊಡೆಯನೋ ಏನೂ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುತ್ತಿದ್ದ ದುಡಿಮೆಯ ಹೆಸರು, ಶಾಸನಗಳಲ್ಲಿ ಬರುವ ಮಾತು. ಬಿಟ್ಟಿಯಲ್ಲದ ದುಡಿಮೆ ಯಾವುದೋ ಅದಕ್ಕೆ ಕೂಲಿಯುಂಟು. ಆದ್ದರಿಂದ ಶಬ್ದದ ತಿರುಳಿನಲ್ಲೇ ಒಂದು ಕರಾರಿದೆ: ದುಡಿದವನಿಗೆ ಕೊಡಬೇಕು ಎಂಬುದು.

ಇಂತಹ ಶಬ್ದ ವ್ಯಕ್ತಿಯ ಹೆಸರಾದುದು ಹೇಗೆ? ಕನ್ನಡದಲ್ಲಿ ದುಡಿಯುವವನು ಕೂಲಿಯಾಳು, ಕೂಲಿಕಾರ, ಕೂಲಿಯವನು. ತಮಿಳಿನಲ್ಲೂ ಕೂಲಿಯಾಳ್, ಕೂಲಿಕ್ಕಾರನ್. ಶಬ್ದದ ಮೊದಲರ್ಧ ಹಣ, ಉತ್ತರಾರ್ಧ ಮನುಷ್ಯ. ಕೋಠಿಯ ಗುಮಾಸ್ತನಿಗೆ ಬೇಕಾಗಿದ್ದುದು ಮೊದಲರ್ಧ ಮಾತ್ರ. ಸಾಮಾನು ಸಾಗಿಸಲು ಎಷ್ಟು ಕೂಲಿ ಬಿತ್ತೆಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತ, ಖರ್ಚಿನ ಬಾಬಿನ ಹೆಸರಿನಿಂದಲೇ ಆಳನ್ನೂ ಅವನು ಎಣಿಸತೊಡಗಿದನು ಎಂಬುದು ನಮ್ಮ ಊಹೆ. ಒಪ್ಪರ್ಟ್ ಅವರು ಕೋಠಿಗಳನ್ನು ಹೆಸರಿಸಿರುವುದು ಈ ಊಹೆಗೆ ಪೋಷಕವಾಗಿದೆ. ಸಮಾಸದಿಂದ ಉದುರಿಹೋದದ್ದು ‘ಆಳು’. ಉಳಿದದ್ದು ಅವನ ಬೆಲೆ.

ಬರಹದ ಸಾಕ್ಷ್ಯವೂ ಇದೇ ದಿಕ್ಕನ್ನು ತೋರಿಸುತ್ತದೆ. ಹೊರೆಯಾಳು ಅಥವಾ ಪಲ್ಲಕ್ಕಿ ಹೊರುವವನು ಎಂಬ ಸ್ಪಷ್ಟವಾದ ಅರ್ಥದಲ್ಲಿ ಶಬ್ದ ಕಾಣಿಸಿಕೊಳ್ಳುವ ಹಳೆಯ ಬರಹಗಳಲ್ಲಿ ಗಣ್ಯವಾದವು ಪೂರ್ವ ಕರಾವಳಿಗೆ ಸಂಬಂಧಿಸಿದವು. 1711ರಲ್ಲಿ ಮದರಾಸಿನ ವಿಷಯ ಬರೆದ ಚಾರ್ಲ್ಸ್ ಲಾಕಿಯರ್, ಪಲ್ಲಕ್ಕಿ ಹೊರುವ ಕೂಲಿಗಳ ಜೊತೆಯಲ್ಲೇ ಅವರ ದಿನದ ಬಾಡಿಗೆಯೆಷ್ಟೆಂಬುದನ್ನೂ ಹೇಳಿದ್ದಾನೆ. ಡಚ್ ಪಾದ್ರಿ ಫ್ರಾಂಸ್ವಾ ವ್ಯಾಲೆಂಟೈನ್ 1726ರಲ್ಲಿ ಚೋಳಮಂಡಲ ಕರಾವಳಿಯನ್ನು ವರ್ಣಿಸುವಾಗ ಈ ಶಬ್ದವನ್ನು ಬಳಸಿದ್ದಾನೆ. ಅವನ ಕಾಗುಣಿತವನ್ನು ವಿಶೇಷವಾಗಿ ಗಮನಿಸಬೇಕು. ಡಚ್ ಲಿಪಿಪದ್ಧತಿಯಲ್ಲಿ ಉಕಾರವನ್ನು ಸೂಚಿಸಲು ಜೋಡಿ ಅಕ್ಷರಗಳ ಪ್ರತ್ಯೇಕ ವ್ಯವಸ್ಥೆಯಿದೆ. ಓಕಾರಕ್ಕೆ ಅದನ್ನು ಬಳಸುವುದಿಲ್ಲ. ವ್ಯಾಲೆಂಟೈನ್ ಉಕಾರದ ಜೋಡಿಯನ್ನೇ ಬಳಸಿದ್ದಾನೆ. ಅವನು ಕೇಳಿದ್ದು ‘ಕೂಲಿ’, ‘ಕೋಲಿ’ ಅಲ್ಲ. ಪಶ್ಚಿಮ ತೀರದ ಪೋರ್ಚುಗೀಸರಾದರೋ ಕೋಳೀ ಜನಾಂಗದ ಹೆಸರನ್ನು ಬರೆದಾಗಲೆಲ್ಲ ಓಕಾರವನ್ನೇ ಬಳಸಿದ್ದಾರೆ. ಎರಡು ತೀರ, ಎರಡು ಸ್ವರ, ಎರಡು ಅರ್ಥ.

ಗಂಟು ಬೀಳುವುದು ಇಂಗ್ಲಿಷರ ಕೈಯಲ್ಲಿ. 1670ರ ದಶಕದಲ್ಲಿ ಇಲ್ಲಿದ್ದ ಜಾನ್ ಫ್ರೈಯರ್ ಎಂಬ ವೈದ್ಯ, ಸೂರತ್ತಿನ ದಕ್ಷಿಣಕ್ಕಿರುವ ರಾಮನಗರದ ಕೋಳೀ ಜನರ ಹೆಸರನ್ನು ಊಕಾರದಿಂದ ಬರೆದಿದ್ದಾನೆ. ಒಂದೇ ಕಂಪನಿಯ ನೌಕರರು ಸೂರತ್ತಿನಿಂದ ಮದರಾಸಿಗೆ, ಮದರಾಸಿನಿಂದ ಮುಂಬಯಿಗೆ ಬದಲಾಗುತ್ತಿದ್ದರು. ಎರಡೂ ಶಬ್ದಗಳು ಒಂದೇ ಕಾಗುಣಿತದೊಳಗೆ ಬಿದ್ದವು. ಹೀಗಾಗುವುದು ಅಪೂರ್ವವೇನಲ್ಲ. ಇಂಗ್ಲಿಷಿನ ‘ಕ್ಯಾಶ್’ ಶಬ್ದವೇ ಇದಕ್ಕೆ ನಿದರ್ಶನ. ನಗದು ಎಂಬರ್ಥದ ‘ಕ್ಯಾಶ್’ ಯುರೋಪಿನ, ಪೆಟ್ಟಿಗೆ ಎಂಬರ್ಥದ ಮೂಲದಿಂದ ಬಂದದ್ದು. ಪೂರ್ವದೇಶಗಳ ಚಿಲ್ಲರೆ ನಾಣ್ಯದ ಹೆಸರಾದ ‘ಕ್ಯಾಶ್’ ನಮ್ಮ ‘ಕಾಸು’ ಪೋರ್ಚುಗೀಸರ ಮೂಲಕ ಹೋಗಿ ಪಡೆದ ರೂಪ. ಕಾಗುಣಿತ ಒಂದೇ, ಮೂಲ ಎರಡು. ‘ಕೂಲಿ’ಯಲ್ಲಿಯೂ ಹಾಗೆಯೇ ಎಂಬುದು ನಮ್ಮ ಅಭಿಮತ: ಇಂಗ್ಲಿಷ್ ಶಬ್ದದ ಅರ್ಥವನ್ನು ಕೊಟ್ಟದ್ದು ದ್ರಾವಿಡ ‘ಕೂಲಿ’, ಕೋಳೀ ಹೆಸರು ಆಮೇಲೆ ಅದರೊಡನೆ ಬೆರೆತು, ಅದರ ಮೇಲಿದ್ದ ತಿರಸ್ಕಾರವನ್ನು ಇದಕ್ಕೆ ಅಂಟಿಸಿತು. ಉತ್ತರ ಭಾರತದಲ್ಲಿ ದಾಸ ಎಂಬರ್ಥದ ತುರ್ಕಿಯ ‘ಕುಲ್’ ಕೂಡ ಈ ತಿರಸ್ಕಾರಕ್ಕೆ ಪುಟಕೊಟ್ಟಿರಬಹುದು. ಆದರೆ ಅದನ್ನು ಮೂಲವೆಂದು ಹೇಳಲು ಆಧಾರ ಸಾಲದು.

ಒಂದು ಆಕ್ಷೇಪಣೆಯನ್ನು ಇಲ್ಲಿ ನಿರೀಕ್ಷಿಸಬಹುದು. ವೇತನದ ಹೆಸರು ಇಷ್ಟು ಕೀಳುಗತಿಗೆ ಇಳಿಯುವುದು ಸಹಜವೇ? ಸಹಜವೇ ಎನ್ನಲು ನಮ್ಮ ಭಾಷೆಯೊಳಗೇ ದೃಷ್ಟಾಂತವಿದೆ. ‘ಜೀತ’ ಎಂಬುದು ‘ಜೀವಿತ’ದಿಂದ ಬಂದ ಶಬ್ದ, ಮೊದಲಿಗೆ ಅದರ ಅರ್ಥ ಸಂಬಳ. ತೆಲುಗಿನಲ್ಲಿ ಇಂದಿಗೂ ಸರಕಾರಿ ಅಧಿಕಾರಿಯ ಸಂಬಳಕ್ಕೆ ‘ಜೀತಂ’ ಎನ್ನುತ್ತಾರೆ. ಕನ್ನಡದಲ್ಲಿ ಅದೇ ಶಬ್ದ ಸಾಲಕ್ಕೆ ಕಟ್ಟುಬಿದ್ದ ದಾಸ್ಯದ ಹೆಸರಾಗಿ, 1976ರಲ್ಲಿ ಕಾಯಿದೆಯ ಮೂಲಕ ರದ್ದುಪಡಿಸಬೇಕಾದ ಪದ್ಧತಿಯನ್ನು ಸೂಚಿಸುವಂತಾಯಿತು. ಕೊಡುವವನು ಕೊಡುವುದನ್ನು ನಿಲ್ಲಿಸಿದಾಗ ಸಂಬಳದ ಶಬ್ದ ಸಂಕೋಲೆಯ ಶಬ್ದವಾಗುತ್ತದೆ.

‘ಕೂಲಿ’ಗೂ ಕಡಲಾಚೆ ಇದೇ ಗತಿ ಬಂದಿತು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದಾಗ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1834ರಲ್ಲಿ ಮಾರಿಷಸ್ಸಿಗೆ, 1838ರಲ್ಲಿ ಗಯಾನಾಕ್ಕೆ, 1860ರಲ್ಲಿ ಮದರಾಸಿನಿಂದ ಹೊರಟ ‘ಟ್ರೂರೊ’ ಹಡಗಿನಲ್ಲಿ ನೇಟಾಲಿಗೆ, 1879ರಲ್ಲಿ ಫಿಜಿಗೆ ಭಾರತೀಯರು ಕರಾರಿನ ಮೇಲೆ ಹೋದರು. ಕರಾರಿನಲ್ಲಿ ವೇತನವಿತ್ತು, ಬಿಟ್ಟುಬರುವ ಸ್ವಾತಂತ್ರ್ಯವಿರಲಿಲ್ಲ. ಆ ಜನರೆಲ್ಲರಿಗೂ ದಾಖಲೆಗಳಲ್ಲಿ ಇದ್ದುದು ಇದೊಂದೇ ಹೆಸರು. ಮಾರಿಷಸ್ಸಿನ ಪೋರ್ಟ್ ಲೂಯಿಯಲ್ಲಿ ಅವರು ಇಳಿಯುತ್ತಿದ್ದ ಕಟ್ಟೆಗೆ ‘ಕೂಲಿ ಘಾಟ್’ ಎಂಬ ಹೆಸರೇ ಇತ್ತು. ಇಂದು ‘ಆಪ್ರವಾಸಿ ಘಾಟ್’ ಎಂಬ ಹೆಸರಿನಿಂದ ಅದು ವಿಶ್ವ ಪರಂಪರೆಯ ತಾಣವಾಗಿದೆ. ದಕ್ಷಿಣ ಆಫ್ರಿಕದಲ್ಲಿ ಈ ಶಬ್ದ ವೃತ್ತಿಯನ್ನೂ ಮೀರಿ ಭಾರತೀಯರೆಲ್ಲರ ಮೇಲಿನ ಬೈಗುಳವಾಯಿತು. 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿಯವರು ‘ಕೂಲಿ ಬ್ಯಾರಿಸ್ಟರ್’ ಎನಿಸಿಕೊಂಡುದು ಪ್ರಸಿದ್ಧವಾಗಿದೆ. ಚೀನೀಯರಾದರೋ ಈ ಪರಕೀಯ ಶಬ್ದವನ್ನು ‘ಕಹಿ’ ಮತ್ತು ‘ಬಲ’ ಎಂಬರ್ಥದ ತಮ್ಮ ಎರಡು ಚಿಹ್ನೆಗಳಿಂದ ‘ಕೂಲೀ’ ಎಂದು ಬರೆದುಕೊಂಡರು. ಕಷ್ಟದ ದುಡಿಮೆ ಎಂದು ಅದರ ಭಾವ. ನಿಷ್ಪತ್ತಿಯ ದೃಷ್ಟಿಯಿಂದ ಅದು ತಪ್ಪು. ಆದರೆ ಕ್ಯೂಬಾದ ತೋಟಗಳಿಗೆ 1847ರಿಂದ ಸಾಗಿಸಲ್ಪಟ್ಟ ಜನರ ಪಾಡನ್ನು ನೆನೆದರೆ, ಯಾವ ನಿಘಂಟಿನ ಅರ್ಥವೂ ಅಷ್ಟು ನಿಜವಲ್ಲವೆನಿಸುತ್ತದೆ. ಗಯಾನಾದಲ್ಲಿ ಹುಟ್ಟಿದ ಲೇಖಕಿ ಗಾಯುತ್ರ ಬಹಾದೂರ್ ಅವರು 1903ರಲ್ಲಿ ಹಡಗು ಹತ್ತಿದ ತಮ್ಮ ಮುತ್ತಜ್ಜಿಯ ಚರಿತ್ರೆಗೆ, 2013ರಲ್ಲಿ, ಇದೇ ಬೈಗುಳವನ್ನು ತಲೆಬರಹವಾಗಿ ಇಟ್ಟುಕೊಂಡರು.

ಶಬ್ದ ನಮ್ಮ ಕಡೆಗೆ ಮರಳಿ ಬಂದುದು ರೈಲಿನೊಡನೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ಗಾಡಿ ಬಂದು ನಿಂತುದು ಠಾಣೆಯಲ್ಲಿ. ಮುಂದೆ ಭೋರ್ ಘಾಟಿನ ಸುರಂಗಗಳನ್ನು 1856ರಿಂದ 1863ರ ವರೆಗೆ ಕೊರೆಯುವಾಗ ಒಂದು ಹಂತದಲ್ಲಿ 40 ಸಾವಿರಕ್ಕೂ ಮಿಕ್ಕಿದ ಜನ ಅಲ್ಲಿ ದುಡಿದರು. ರೋಗರುಜಿನಗಳಿಂದ ಸಾವಿರಗಟ್ಟಲೆ ಸತ್ತರು. 1871ರಲ್ಲಿ ಆ ಹಳಿ ಸೊಲ್ಲಾಪುರ, ಕಲಬುರಗಿಗಳನ್ನು ದಾಟಿ ರಾಯಚೂರಿನಲ್ಲಿ ಮದರಾಸಿನ ಹಳಿಯೊಡನೆ ಕೂಡಿಕೊಂಡಿತು. ಅಂದಿನಿಂದ ಕನ್ನಡನಾಡಿನ ಬರಗಾಲದ ಊರುಗಳಿಗೂ ಈ ಪ್ರದೇಶಕ್ಕೂ ನೇರವಾದ ದಾರಿಯಾಯಿತು. ರೈಲು ನಿಲ್ದಾಣದ ಹೊರೆಯಾಳಿಗೆ ಇಂಗ್ಲಿಷ್-ಹಿಂದುಸ್ತಾನಿಯ ‘ಕೂಲಿ’ ಹೆಸರು ನಿಂತುದರಿಂದ, ಮೊದಲು ಕೇವಲ ವೇತನವಾಗಿದ್ದ ಶಬ್ದಕ್ಕೆ ಕನ್ನಡದಲ್ಲೂ ಮನುಷ್ಯ ಎಂಬ ಎರಡನೆಯ ಅರ್ಥ ಬಂದಿತು. ನಮ್ಮದೇ ಶಬ್ದ, ಪರರ ಅರ್ಥ ತೊಟ್ಟು ಬಂದುದು.

ಮಾಜಿವಾಡಾ ಪರಿಸರದ ಕನ್ನಡಿಗರ ಮಾತಿನಲ್ಲಿ ಈ ಎರಡು ಅರ್ಥಗಳು ಇನ್ನೂ ಬೆರೆತಿಲ್ಲ ಎಂಬುದನ್ನು ನಾವು ಅಲ್ಲಿ ಕಿವಿಗೊಟ್ಟು ಕೇಳಿದ್ದೇವೆ. ಕಟ್ಟಡದ ಕೆಲಸಕ್ಕೆ ಹೋದವನನ್ನು ಕುರಿತು ಮನೆಯವರು ‘ಕೂಲಿಗಿ ಹೋಗ್ಯಾನ’ ಎನ್ನುತ್ತಾರೆ. ‘ಕೂಲಿ ಆಗ್ಯಾನ’ ಎನ್ನುವುದಿಲ್ಲ. ಚತುರ್ಥಿಯ ಈ ಒಂದು ಪ್ರತ್ಯಯದಲ್ಲಿ ಶಬ್ದದ ಹಳೆಯ ಅರ್ಥ ಸುರಕ್ಷಿತವಾಗಿದೆ. ಬೆಳಿಗ್ಗೆ ನಾಕಾದಲ್ಲಿ ಗುತ್ತಿಗೆದಾರನೊಡನೆ ಚೌಕಾಸಿ ನಡೆಯುವುದು ‘ಕೂಲಿ ಎಷ್ಟ ಕೊಡ್ತೀರಿ?’ ಎಂಬ ಮಾತಿನಿಂದ. ತಿಂಗಳ ನೌಕರಿ ಸಿಕ್ಕವನದು ಕೂಲಿಯಲ್ಲ, ‘ಪಗಾರ’. ಈ ಪಗಾರ ಪೋರ್ಚುಗೀಸಿನ, ಕೊಡು ಎಂಬರ್ಥದ ‘ಪಗಾರ್’ ಕ್ರಿಯಾಪದದಿಂದ ಮರಾಠಿಗೂ ಅದರ ಮೂಲಕ ಉತ್ತರ ಕರ್ನಾಟಕದ ಕನ್ನಡಕ್ಕೂ ಬಂದದ್ದು. ಮೂಟೆ ಹೊರುವುದು ‘ಹಮಾಲಿ’, ಅದು ಅರಬ್ಬಿ. ಹೀಗೆ ಒಂದೇ ಕುಟುಂಬದಲ್ಲಿ ಅಪ್ಪನಿಗೆ ಕೂಲಿ, ಚಿಕ್ಕಪ್ಪನಿಗೆ ಹಮಾಲಿ, ಮಗನಿಗೆ ಪಗಾರ. ಆದರೆ ಇಲ್ಲಿಯೇ ಹುಟ್ಟಿ ಹಿಂದಿ-ಮರಾಠಿಗಳಲ್ಲಿ ಬೆಳೆದ ಮಕ್ಕಳ ಕಿವಿಗೆ ‘ಕೂಲಿ’ ಎಂದರೆ ಕೆಂಪು ಅಂಗಿ ತೊಟ್ಟ ರೈಲು ನಿಲ್ದಾಣದ ಆಳು. ತಂದೆ ಕೂಲಿಗೆ ಹೋಗುತ್ತಾನೆಂಬ ಮಾತನ್ನು ಶಾಲೆಯಲ್ಲಿ ಹೇಳಲು ಆ ಮಕ್ಕಳು ಹಿಂಜರಿಯುವುದಕ್ಕೆ ಕಾರಣ ದುಡಿಮೆಯಷ್ಟೇ ಅಲ್ಲ, ಈ ಅರ್ಥಾಂತರವೂ ಹೌದು.

ಆಡಳಿತದವರೂ ಶಬ್ದದ ಕಹಿಯನ್ನು ಬಲ್ಲರು. ಮಹಾರಾಷ್ಟ್ರವು 1969ರಲ್ಲಿ ಹೊರೆಗೆಲಸದವರ ರಕ್ಷಣೆಗಾಗಿ ಮಾಡಿದ ಕಾಯಿದೆಯ ಹೆಸರಿನಲ್ಲಿ ‘ಮಾಥಾಡಿ’, ‘ಹಮಾಲ’ ಎಂಬ ಶಬ್ದಗಳಿವೆ, ‘ಕೂಲಿ’ ಇಲ್ಲ. ತಲೆಯ ಮೇಲೆ ಹೊರುವವನು ಮಾಥಾಡಿ. ನವಿ ಮುಂಬಯಿಯ ಸಗಟು ಮಾರುಕಟ್ಟೆಗಳಲ್ಲಿ ಆ ಹೆಸರಿಗೆ ಸಂಘಟನೆಯ ಬಲವೂ ಇದೆ. 2016ರ ರೈಲ್ವೆ ಮುಂಗಡಪತ್ರದಲ್ಲಿ ನಿಲ್ದಾಣಗಳ ಕೂಲಿಗಳನ್ನು ಇನ್ನು ಮುಂದೆ ‘ಸಹಾಯಕ’ರೆಂದು ಕರೆಯತಕ್ಕದ್ದೆಂದು ಸಾರಲಾಯಿತು. ಒಳ್ಳೆಯ ಉದ್ದೇಶವೇ. ಆದರೆ ಸಹಾಯ ಮಾಡಿದವನಿಗೆ ಕೂಲಿ ಕೊಡಲೇಬೇಕೆಂಬ ಕರಾರು ಆ ಹೊಸ ಶಬ್ದದೊಳಗೆ ಇಲ್ಲ.

ಕನ್ನಡದ ನಿಘಂಟುಕಾರರಿಗೆ ಇಲ್ಲಿ ಒಂದು ಸಣ್ಣ ಕೆಲಸ ಉಳಿದಿದೆ. ‘ಕೂಲಿ’ಯ ಕೆಳಗೆ ವೇತನ, ಹೊರೆಯಾಳು ಎಂಬ ಎರಡು ಅರ್ಥಗಳನ್ನು ಒಂದರ ಮುಂದೊಂದು ಕೊಟ್ಟು, ಎರಡನೆಯದು ಮೊದಲನೆಯದರಿಂದ ಕನ್ನಡದಲ್ಲೇ ಬೆಳೆದು ಬಂದಿತೆಂಬ ಭಾವನೆ ಹುಟ್ಟುವಂತೆ ಬರೆಯುವುದು ಸರಿಯಲ್ಲ. ಇವನ್ನು ಎರಡು ಉಲ್ಲೇಖಗಳಾಗಿ ಬೇರ್ಪಡಿಸಬೇಕು: ಮೊದಲನೆಯದು ದೇಶ್ಯ, ಎರಡನೆಯದು ಇಂಗ್ಲಿಷ್ ಮತ್ತು ಹಿಂದುಸ್ತಾನಿಗಳ ಮೂಲಕ ಮರಳಿ ಬಂದ ಅನ್ಯದೇಶ್ಯ. ಮರಾಠಿ-ಕನ್ನಡ ಕೋಶಗಳಲ್ಲಿ ‘ಕೋಳೀ’ ಶಬ್ದದ ಎದುರಿಗೆ ಬೆಸ್ತ, ಅಂಬಿಗ, ಜೇಡ ಎಂಬ ಅರ್ಥಗಳಿದ್ದರೆ ಸಾಕು. ಇಂಗ್ಲಿಷ್ ‘ಕೂಲಿ’ಯ ಕಡೆಗೆ ಕೈತೋರಿಸುವ ಅಗತ್ಯ ಅಲ್ಲಿಲ್ಲ.